ಹದಿನಾಲ್ಕನೆಯ ಜಿಂಕೆ

ಕಾಡಿನ ಅಟ್ಟಣಿಗೆಯ ಏಣಿ ಹತ್ತಿ ಮೇಲೆ ತಲೆ ತೂರಿಸಿದವಳೇ ಅವಳು, "ಅಬ್ಬಬ್ಬಾ, ಏನು ಚಳಿ ರೀ! ನನ್ನ ಮೂಗು ಇದೆಯೋ ಉದುರಿಹೋಯ್ತೋ ಸ್ವಲ್ಪ ನೋಡಿ ಹೇಳಿ" ಎಂದಳು.

ಒಳಗೆ ಹಲಗೆಯ ಮೇಲೆ ಕೂತಿದ್ದವನು ತಿರುಗಿದ. ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಅದೇ ಬೆರಳಿನಿಂದ ಅವಳ ಮೂಗನ್ನು ತೋರಿಸಿ, ಇದೆ ಎಂಬಂತೆ ಗಂಭೀರವಾಗಿ ತಲೆಯಾಡಿಸಿದ.

ಮುಂದಿನ ಮೂರು ಗಂಟೆ ಅವನು ತುಟಿ ಪಿಟಕ್ಕೆನ್ನಲಿಲ್ಲ. ಅವಳೂ ಅನ್ನಲಿಲ್ಲ. ಇದು ಅವಳ ಮಟ್ಟಿಗೆ ಸಣ್ಣ ವಿಷಯವಲ್ಲ.

ಅವಳು ಊರಿನ ಕನ್ನಡಕದಂಗಡಿಯವಳು. ಅಂಗಡಿ ಸೋದರಮಾವನದು. ಕಣ್ಣು ಪರೀಕ್ಷೆ ಮಾಡುವುದು, ಗಾಜು ಕತ್ತರಿಸುವುದು ಮಾವನ ಕೆಲಸ. ಫ್ರೇಮು ಕೂರಿಸುವುದು, ಸ್ಕ್ರೂ ಬಿಗಿಮಾಡುವುದು, ಬಂದವರ ಹತ್ತಿರ ಮಾತಾಡುವುದು ಅವಳ ಕೆಲಸ. ಕೊನೆಯದನ್ನು ಅವಳಿಗೆ ಯಾರೂ ವಹಿಸಿಕೊಟ್ಟಿರಲಿಲ್ಲ. ಮಾವ ಅವಳನ್ನು ಕರೆಯುತ್ತಿದ್ದದ್ದೇ ರೇಡಿಯೋ ಎಂದು. ಚಳಿಗಾಲದ ಜಿಂಕೆ ಎಣಿಕೆಗೆ ಜನ ಬೇಕು, ನಾಲ್ಕು ಭಾನುವಾರ, ಬೆಳಗಿನ ಹೊತ್ತು ಮೂರು ಗಂಟೆ ಕಾಲ, ಮಾತಾಡಕೂಡದು ಎಂದು ಅರಣ್ಯ ಕಚೇರಿಯವರು ಅಂಗಡಿಯ ಗಾಜಿಗೆ ಚೀಟಿ ಅಂಟಿಸಿಹೋದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ರೇಡಿಯೋ, ಇದು ನಿನಗಲ್ಲ ಬಿಡಮ್ಮ" ಎಂದಿದ್ದರು. ಅಷ್ಟು ಸಾಕಾಗಿತ್ತು. ಅವಳು ಅವತ್ತೇ ಹೋಗಿ ಹೆಸರು ಬರೆಸಿ ಬಂದಳು.

ಎಣಿಕೆಯ ಕ್ರಮ ಸರಳವಾಗಿತ್ತು. ಒಂದು ಅಟ್ಟಣಿಗೆಯಲ್ಲಿ ಇಬ್ಬರು. ಒಬ್ಬರು ಇಲಾಖೆಯವರು, ಒಬ್ಬರು ಊರಿನವರು. ಇಬ್ಬರಿಗೂ ಬೇರೆ ಬೇರೆ ಹಾಳೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಕೇಳಿಸಿದ್ದು, ಊಹಿಸಿದ್ದು ಲೆಕ್ಕಕ್ಕಿಲ್ಲ. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ. ದುರ್ಬೀನು ಕೂಡದು, ಅದರಲ್ಲಿ ಒಂದನ್ನು ನೋಡುತ್ತಾ ಕೂತರೆ ಹತ್ತು ತಪ್ಪಿಹೋಗುತ್ತವೆ. ಕೊನೆಗೆ ಕಚೇರಿಯ ಮೇಡಂ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ.

ಅವಳು ನೋಡಿದಳು. ಎಲೆಯೆಲ್ಲ ಉದುರಿ ಕಾಡು ಬರೀ ಕಡ್ಡಿಯಾಗಿ ನಿಂತಿತ್ತು. ಮೊದಮೊದಲು ಏನೂ ಇಲ್ಲ ಅನಿಸಿತು. ಅರ್ಧ ಗಂಟೆಯಾದ ಮೇಲೆ ಎಲ್ಲವೂ ಇದೆ ಅನಿಸತೊಡಗಿತು. ಬೂದು ಬಣ್ಣದ ಪೊದೆಯೊಂದು ಕಿವಿ ಅಲ್ಲಾಡಿಸಿ ಜಿಂಕೆಯಾಯಿತು. ಅದರ ಹಿಂದಿನ ಪೊದೆಯೂ ಜಿಂಕೆಯಾಯಿತು. ಉಸಿರು ಬಿಟ್ಟರೆ ಅವುಗಳ ಮೂಗಿನಿಂದಲೂ ಅವಳ ಮೂಗಿನಿಂದಲೂ ಒಂದೇ ಥರದ ಹೊಗೆ ಬರುತ್ತಿತ್ತು. ಒಂದೊಂದು ಕಂಡಾಗಲೂ ಅವಳು ಉಣ್ಣೆಯ ಕೈಗವಸಿನೊಳಗೆ ಒಂದು ಬೆರಳು ಮಡಚಿದಳು. ಹತ್ತೂ ಮುಗಿದರೆ ಮತ್ತೆ ಹೆಬ್ಬೆರಳಿನಿಂದ.

ಪಕ್ಕದವನದು ಬೇರೆಯೇ ರೀತಿ. ಒಮ್ಮೆ ಅವನು ಇದ್ದಕ್ಕಿದ್ದಂತೆ ತಲೆ ಓರೆ ಮಾಡಿ, ಬಲಗಡೆಯ ಬಂಡೆಯತ್ತ ಗದ್ದದಿಂದ ಸನ್ನೆ ಮಾಡಿದ. ಅಲ್ಲಿ ಏನೂ ಇರಲಿಲ್ಲ. ಅವಳು ಹತ್ತು ಎಣಿಸುವಷ್ಟರಲ್ಲಿ ಬಂಡೆಯ ಹಿಂದಿನಿಂದ ನರಿಯೊಂದು ಹೊರಬಂದು, ಮೈಮುರಿದು, ತನ್ನ ಪಾಡಿಗೆ ತಾನು ಹೊರಟುಹೋಯಿತು. ಅವಳು ಬಾಯಿ ತೆರೆದು ಅವನ ಕಡೆ ನೋಡಿದಳು. ಅವನ ಕಣ್ಣಂಚಿನಲ್ಲಿ ನಗು ಇತ್ತು.

ಇಳಿದ ಮೇಲೆ ಅವನು ಏಣಿ ಹಿಡಿದುಕೊಂಡು, "ಈಗ ಮಾತಾಡಬಹುದು" ಎಂದ.

"ಅಯ್ಯೋ ದೇವರೇ, ನಿಮಗೆ ಮಾತು ಬರುತ್ತೆ!"

"ಬರುತ್ತೆ. ಬರಲ್ಲ ಅಂದುಕೊಂಡ್ರಾ?"

"ಮೂರು ಗಂಟೆಯಿಂದ ನಿಮ್ಮ ಮೇಲೆ ಅಯ್ಯೋ ಪಾಪ ಅನ್ನಿಸ್ತಾ ಇತ್ತು ರೀ. ಎಲ್ಲಾ ದಂಡ ಆಯ್ತು."

ಕಚೇರಿಯ ತನಕದ ಎರಡು ಮೈಲಿ ದಾರಿಯಲ್ಲಿ ಅವಳು ಮೂರು ಗಂಟೆಯ ಬಾಕಿಯನ್ನೆಲ್ಲ ತೀರಿಸಿದಳು. ನರಿ ಬರುತ್ತೆ ಅಂತ ಹೇಗೆ ಗೊತ್ತಾಯ್ತು, ಜಿಂಕೆ ನಿಂತೇ ನಿದ್ದೆ ಮಾಡುತ್ತಾ, ಮರಕುಟಿಗನಿಗೆ ತಲೆನೋವು ಬರಲ್ವಾ, ಚಳಿಗಾಲ ಮುಗಿದ ಮೇಲೆ ನೀವೇನು ಎಣಿಸ್ತೀರಿ? ಅವನು ಪ್ರತಿಯೊಂದಕ್ಕೂ ಯೋಚಿಸಿ ಉತ್ತರ ಕೊಟ್ಟ. ಅವಳ ಪ್ರಶ್ನೆಗಳಿಗೆ ಜನ ಸಾಮಾನ್ಯವಾಗಿ ನಗುತ್ತಾರೆ, ಇಲ್ಲವೇ ಗಡಿಯಾರ ನೋಡಿಕೊಳ್ಳುತ್ತಾರೆ. ಇವನು ಮರಕುಟಿಗನ ತಲೆನೋವಿನ ಬಗ್ಗೆ ನಿಜವಾಗಿಯೂ ಯೋಚಿಸಿದ. ಅವಳಿಗೆ ಅಲ್ಲೇ ಅರ್ಧ ಮನಸ್ಸು ಜಾರಿತು.

ಕಚೇರಿಯಲ್ಲಿ ಅವನನ್ನು ಎಲ್ಲರೂ ಎಣಿಕೆಯವನು ಎನ್ನುತ್ತಿದ್ದರು. ಇಲ್ಲಿಯದು ಮುಗಿದರೆ ಗುಡ್ಡದಾಚೆಯ ಕಾಡಿಗೆ, ಅಲ್ಲಿಯದು ಮುಗಿದರೆ ಇನ್ನೊಂದಕ್ಕೆ. ಅವತ್ತು ಅವಳ ಹಾಳೆಯಲ್ಲಿ ಹನ್ನೊಂದು ಜಿಂಕೆ, ಅವನದರಲ್ಲಿ ಎಂಟು. ಮರುವಾರ ಅವಳದು ಹತ್ತು, ಅವನದು ಏಳು.

ಎರಡನೆಯ ಸಲ ಮೇಡಂ ಅವಳೊಬ್ಬಳನ್ನೇ ನಿಲ್ಲಿಸಿಕೊಂಡರು. ನರೆತ ಕೂದಲಿನ, ಕಡಿಮೆ ಮಾತಿನ ಹೆಂಗಸು. "ಮೊದಲ ವಾರ ನೀನೇ ಮೋಟುಮರ ಎಣಿಸಿದೀಯ ಅಂದುಕೊಂಡೆ ಕಣಮ್ಮ. ಆದರೆ ಎದುರು ದಿಬ್ಬದ ಅಟ್ಟಣಿಗೆಯವರ ಲೆಕ್ಕ ನಿನ್ನ ಲೆಕ್ಕಕ್ಕೇ ಹೊಂದುತ್ತೆ. ಹನ್ನೆರಡು ವರ್ಷದಿಂದ ಎಣಿಸ್ತಾ ಇರೋನು ವಾರವಾರ ಮೂರು ಜಿಂಕೆ ಬಿಡ್ತಾನೆ ಅಂದ್ರೆ ಏನರ್ಥ? ಇನ್ನೊಂದು ವಾರ ಹೀಗಾದ್ರೆ ನಿಯಮದ ಪ್ರಕಾರ ಅವನನ್ನ ಕಾಡಿನಿಂದ ತೆಗೆದು ಕಚೇರಿ ಮೇಜಿಗೆ ಹಾಕಬೇಕಾಗುತ್ತೆ." ಆಮೇಲೆ ಅವಳನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿ, "ಅವನ ಕಣ್ಣು ಜಿಂಕೆ ಮೇಲೆ ಇದೆಯೋ ಇಲ್ವೋ, ನಿನಗೇ ಗೊತ್ತಿರಬೇಕು" ಎಂದರು.

ಅವಳ ಕೆನ್ನೆ ಕೆಂಪಾಯಿತು. ಆ ವಾರವೆಲ್ಲ ಅಂಗಡಿಯಲ್ಲಿ ಅವಳು ಒಬ್ಬೊಬ್ಬಳೇ ನಕ್ಕಳು. ಓದುವ ಕನ್ನಡಕ ಕೇಳಿದವರಿಗೆ ತಂಪು ಕನ್ನಡಕ ತೆಗೆದುಕೊಟ್ಟಳು. "ರೇಡಿಯೋಗೆ ಸ್ಟೇಷನ್ ಸಿಗ್ತಾ ಇಲ್ಲ" ಎಂದು ಮಾವ ಬಂದವರಿಗೆಲ್ಲ ಹೇಳಿದರು. ಮೂರು ಜಿಂಕೆ! ಒಬ್ಬಳನ್ನು ನೋಡುತ್ತಾ ಒಬ್ಬ ಮೂರು ಜಿಂಕೆ ಬಿಡುತ್ತಾನೆ ಎಂದರೆ ಸುಮ್ಮನೆ ಮಾತೇ? ಅವನ ಕೆಲಸಕ್ಕೆ ಕುತ್ತು ಬರುತ್ತದಲ್ಲ ಎಂದು ಹೆದರಿಕೆಯಾಗುತ್ತಿತ್ತು, ಮರುಕ್ಷಣ ಮತ್ತೆ ನಗು ಬರುತ್ತಿತ್ತು.

ಮೂರನೆಯ ಭಾನುವಾರ ಅವಳು ಜಿಂಕೆಯ ಜೊತೆಗೆ ಅವನನ್ನೂ ಓರೆಗಣ್ಣಿನಲ್ಲಿ ನೋಡುತ್ತಾ ಕೂತಳು. ತನ್ನ ಕಡೆ ಎಷ್ಟು ಸಲ ತಿರುಗುತ್ತಾನೆ ಎಂದು ತಿಳಿಯಬೇಕಿತ್ತು.

ಅವನು ತಿರುಗಲಿಲ್ಲ. ಹಳ್ಳದ ಪಕ್ಕ ಒಂದು ಮೋಟುಮರವಿತ್ತು, ಕೋಡಿನಂಥ ಎರಡು ಒಣಕೊಂಬೆಯಿದ್ದದ್ದು. ಅವನು ಅದನ್ನೇ ನೋಡುತ್ತಿದ್ದ. ಪೆನ್ಸಿಲ್ ಹಿಡಿದು, ಅದು ಅಲುಗಾಡಲಿ ಎಂದು ಕಾಯುತ್ತಿದ್ದ. ಹಕ್ಕಿಯೊಂದು ಹಾರಿಬಂದು ಅದರ ನೆತ್ತಿಯ ಮೇಲೆ ಕೂತು ಕುಟ್ಟತೊಡಗಿದ ಮೇಲೆಯೇ ಅವನು ಪೆನ್ಸಿಲ್ ಕೆಳಗಿಟ್ಟ. ಅದೇ ಹೊತ್ತಿಗೆ ಹಳ್ಳದಾಚೆ ಮೂರು ಜಿಂಕೆಗಳು ಬಟಾಬಯಲಿನಲ್ಲಿ ನಿಂತು ನೀರು ಕುಡಿದವು. ಅವನ ಮುಖ ಆ ಕಡೆಗೇ ಇತ್ತು. ಕಣ್ಣು ಕಿರಿದು ಮಾಡಿದ್ದ. ಬೆರಳಿನಿಂದ ಕಣ್ಣಂಚಿನ ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಎಳೆದ. ಹಾಳೆಯಲ್ಲಿ ಏನೂ ಬರೆಯಲಿಲ್ಲ.

 ಹೀಗೆ ಕಣ್ಣಂಚು ಎಳೆದುಕೊಂಡು ಗೋಡೆಯ ಅಕ್ಷರ ಓದಲು ನೋಡುವವರು ವಾರಕ್ಕೆ ಇಪ್ಪತ್ತು ಮಂದಿ ಅಂಗಡಿಗೆ ಬರುತ್ತಾರೆ. ದೂರದ್ದು ಇವನಿಗೆ ಕಾಣುತ್ತಿಲ್ಲ. ಕಾಡನ್ನು ಇಷ್ಟು ದಿನ ಕಿವಿಯಿಂದ ನೋಡಿಕೊಂಡು ಬಂದಿದ್ದಾನೆ. ಹಾಗಾದರೆ ಮೂರು ಜಿಂಕೆ ತಪ್ಪಿದ್ದು ಅವಳಿಗಾಗಿ ಅಲ್ಲ. ಕನ್ನಡಕದಂಗಡಿಯವಳಾಗಿ ಇಷ್ಟು ಗೊತ್ತಾಗಲಿಲ್ಲವಲ್ಲ, ಮಂಕು ಬಡಿದಿತ್ತೇ ನಿನಗೆ ಎಂದು ತನ್ನನ್ನು ತಾನೇ ಬೈದುಕೊಂಡಳು. ನಾಚಿಕೆಯೂ ಆಯಿತು, ಅಳುವೂ ಬಂತು.

ಆದರೂ ಅವನು ಕಾಡು ಬಿಟ್ಟು ಮೇಜಿನ ಮುಂದೆ ಕೂತಿರುವುದನ್ನು ನೆನೆಸಿಕೊಳ್ಳಲು ಆಗಲಿಲ್ಲ. ಅವಳು ಕಂಡದ್ದು ಹನ್ನೆರಡು. ಹಾಳೆಯಲ್ಲಿ ಒಂಬತ್ತು ಎಂದು ಬರೆದಳು. ಅವನದೂ ಒಂಬತ್ತೇ ಬಂತು. ಮೇಡಂ, "ಅಂತೂ ಈ ವಾರ ತಾಳೆಯಾಯ್ತು" ಎಂದು ಸಹಿ ಹಾಕಿದರು.

ಕಚೇರಿಯಿಂದ ಹೊರಬಂದ ಮೇಲೆ ಗೇಟಿನ ಹತ್ತಿರ ಅವನು ನಿಂತ.

"ನೀವು ಹನ್ನೆರಡು ಎಣಿಸಿದ್ರಿ."

"ನನ್ನ ಹಾಳೆ ನೋಡಿದ್ರಾ?"

"ಹಾಳೆ ನೋಡಲ್ಲ. ತಲೆ ತಿರುಗಿಸದೇ ಓರೆಗಣ್ಣಲ್ಲಿ ನಿಮ್ಮ ಬೆರಳು ನೋಡಿದೆ. ಹತ್ತು ಮಡಚಿ ಆಮೇಲೆ ಮತ್ತೆ ಎರಡು. ಪ್ರತಿ ವಾರ ನೋಡ್ತೀನಿ. ಹತ್ತಿರದ್ದು ನನಗೆ ಚೆನ್ನಾಗೇ ಕಾಣುತ್ತೆ."

ಅವಳು ತಬ್ಬಿಬ್ಬಾದಳು. ಪ್ರತಿ ವಾರ ಅವಳ ಲೆಕ್ಕ ಅವನಿಗೆ ಗೊತ್ತಿತ್ತು. ಅದನ್ನೇ ಬರೆದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬರೆದಿರಲಿಲ್ಲ.

"ನಿಮ್ಮ ಕೆಲಸ ಉಳೀಲಿ ಅಂತ..."

"ಮೂರು ಜಿಂಕೆ ಇಲ್ಲ ಅಂತ ಬರೆದ್ರೆ ಅವು ನಿಜವಾಗ್ಲೂ ಇಲ್ಲದ ಹಾಗೆ ಆಗುತ್ತೆ ರೀ. ಆಮೇಲೆ ಆ ಹಳ್ಳದಾಚೆ ಏನೂ ಇಲ್ಲ ಅಂತ ಯಾರೋ ಮರ ಕಡೀತಾರೆ." ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

"ಹಾಗಿದ್ರೆ ಬಂದು ಕಣ್ಣು ತೋರಿಸಿ! ಅಂಗಡಿ ಬಾಗಿಲು ತೆಗೆದೇ ಇರುತ್ತೆ. ಕಾಲು ಗಂಟೆ ಕೆಲಸ. ಇಷ್ಟು ಹಟ ಯಾಕೆ?"

ಅವನು ಬೇಲಿಯ ತಂತಿಯ ಮೇಲೆ ಕೂತಿದ್ದ ಇಬ್ಬನಿಯನ್ನು ಬೆರಳಿನಿಂದ ಸವರುತ್ತಾ ನಿಂತ. "ನಮ್ಮಪ್ಪನೂ ಕಾಡಲ್ಲೇ ಕೆಲಸ ಮಾಡಿದೋರು. ಅವರಿಗೂ ಮೊದಲು ಹಳ್ಳದಾಚೆದು ಹೋಯ್ತು. ಆಮೇಲೆ ಹಳ್ಳ. ನಲವತ್ತೈದಕ್ಕೆ ನನ್ನ ಮುಖವೂ ಕಾಣಿಸ್ತಿರಲಿಲ್ಲ. ಸವರಿ ನೋಡಿ ಗುರುತು ಹಿಡೀತಿದ್ರು. ತೋರಿಸೋಕೆ ನನಗೇನು ಹಟ ಇಲ್ಲ. ನಿಮ್ಮ ಮಾವ ಏನು ಹೇಳ್ತಾರೋ ಅಂತ ಭಯ."

 ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ.

ಸೋಮವಾರ ಅಂಗಡಿ ತೆರೆಯುವ ಮುಂಚೆ ಅವಳು ಮೇಡಂ ಮುಂದೆ ಹೋಗಿ ನಿಂತು, ತಪ್ಪಾಯಿತು, ನಾನು ಕಂಡದ್ದು ಹನ್ನೆರಡು ಎಂದಳು. ಮೇಡಂ ತಲೆ ಎತ್ತದೆಯೇ, "ಗೊತ್ತು. ಬೆಳಗಾಗ್ತಿದ್ದ ಹಾಗೇ ಅವನೇ ಬಂದು ಹೇಳಿದ. ತಪ್ಪು ತನ್ನದೇ, ನಿನ್ನ ಹೆಸರು ಪಟ್ಟಿಯಿಂದ ತೆಗೆಯಬೇಡಿ ಅಂದ" ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, "ಅವನಿಗೂ ಹೇಳಿದೀನಿ, ನಿನಗೂ ಹೇಳ್ತೀನಿ. ಶನಿವಾರದೊಳಗೆ ಕಣ್ಣು ತೋರಿಸಿ ಚೀಟಿ ತಂದ್ರೆ ಕೊನೇ ಭಾನುವಾರ ಕೂತ್ಕೊಳ್ಳಲಿ. ಅವತ್ತೂ ತಾಳೆಯಾಗದಿದ್ರೆ ಮೇಜೇ ಗತಿ" ಎಂದರು.

ಅಂಗಡಿಯ ಬಾಗಿಲಿಗೆ ಒಂದು ಗಂಟೆ ಕಟ್ಟಿತ್ತು. ಆ ವಾರ ಅದು ಸದ್ದು ಮಾಡಿದಾಗಲೆಲ್ಲ ಅವಳು ಕತ್ತು ಎತ್ತಿದಳು. ಟೈಲರ್ ಬಂದ, ಪೋಸ್ಟ್ ಮಾಸ್ಟರ್ ಬಂದರು, ಯಾವುದೋ ಅಜ್ಜಿ ಕನ್ನಡಕದ ಕಾಲು ಮುರಿದುಕೊಂಡು ಬಂದರು. ಶುಕ್ರವಾರದ ಹೊತ್ತಿಗೆ ಅವಳು ಮಾತಾಡುವುದನ್ನೇ ಬಿಟ್ಟಿದ್ದಳು. ಮಾವನಿಗೆ ಗಾಬರಿಯಾಯಿತು. "ಜ್ವರ ಏನಾದ್ರೂ ಇದೆಯೇನೇ?" ಎಂದು ಹಣೆ ಮುಟ್ಟಿ ನೋಡಿದರು.

ಶನಿವಾರ ಸಂಜೆ, ಇನ್ನೇನು ದೀಪ ಹಚ್ಚಬೇಕು ಅನ್ನುವಾಗ ಅವನು ಬಂದ. ಒದ್ದೆ ಬೂಟುಗಳನ್ನು ಕಾಲೊರಸಿನ ಮೇಲೆ ಮೂರು ಮೂರು ಸಲ ಒರೆಸಿದ. ಮಾವ ಒಮ್ಮೆ ಅವನನ್ನು ನೋಡಿ, ಒಮ್ಮೆ ಅವಳನ್ನು ನೋಡಿ, "ಓಹೋ, ಇದಾ ಸ್ಟೇಷನ್ನು" ಎಂದರು. ಅವಳು ಕೇಳಿಸಲಿಲ್ಲ ಎಂಬಂತೆ ಕುರ್ಚಿಯನ್ನು ಸರಿ ಮಾಡಿದಳು. ಅವನು ಕೂತು, ಅಪ್ಪನ ಕಣ್ಣು ಹೋದದ್ದನ್ನು ಮಾವನಿಗೆ ಹೇಳಿದ.

ಮಾವ ಸಣ್ಣ ದೀಪ ಹಿಡಿದು ಅವನ ಕಣ್ಣಿನೊಳಗೆ ಇಣುಕಿದರು. ಬಲಗಣ್ಣು. ಎಡಗಣ್ಣು. ಮತ್ತೆ ಬಲಗಣ್ಣು. ಅವನು ಕುರ್ಚಿಯ ಕೈ ಹಿಡಿದುಕೊಂಡಿದ್ದ.  ಅವಳು ಎರಡು ಹೆಜ್ಜೆ ದೂರದಲ್ಲಿ ಗಾಜಿನ ಪೆಟ್ಟಿಗೆ ಹಿಡಿದು ನಿಂತು, ಯಾವ ದೇವರಿಗೆ ಏನು ಹರಕೆ ಹೊರಲಿ ಎಂದು ಯೋಚಿಸುತ್ತಿದ್ದಳು.

"ಅಪ್ಪನ ಕಾಯಿಲೆ ಇಲ್ಲ ಕಣಪ್ಪ" ಎಂದರು ಮಾವ. "ಹಿಂದುಗಡೆ ಎಲ್ಲಾ ಅಚ್ಚುಕಟ್ಟಾಗಿದೆ. ದೂರದ್ದು ಸ್ವಲ್ಪ ಮಸುಕು, ಅಷ್ಟೇ. ಮೈನಸ್ ಎರಡು. ಊರಲ್ಲಿ ಅರ್ಧ ಜನಕ್ಕೆ ಇರೋದೇ. ವರ್ಷಕ್ಕೊಂದು ಸಲ ಬಂದು ತೋರಿಸಿಕೊಂಡು ಹೋಗು. ಬರೋಕೆ ನಿನಗೇನೂ ಬೇಜಾರಿಲ್ಲ ಅಂದುಕೊಳ್ತೀನಿ."

ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತ. ಅವಳೂ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಪರೀಕ್ಷೆಯ ದಪ್ಪ ಚೌಕಟ್ಟಿಗೆ ಗಾಜು ಹಾಕಿ ಅವಳೇ ಅವನ ಮೂಗಿನ ಮೇಲೆ ಕೂರಿಸಿದಳು. ಅವನು ಬಾಗಿಲಿನ ಆಚೆ ನೋಡಿದ. ತುಂಬ ಹೊತ್ತು ನೋಡಿದ.

"ಎದುರು ಮಹಡಿ ಕಿಟಕಿಯಲ್ಲಿ ಬೆಕ್ಕು ಇದೆ."

"ಹೌದು, ಯಾವಾಗಲೂ ಇರುತ್ತೆ."

"ಒಳಗೆ ಬರುವಾಗ ಹೂವಿನ ಕುಂಡ ಅಂದುಕೊಂಡೆ" ಎಂದು ಅವನು ನಕ್ಕ. ಅವಳು ಅವನನ್ನು ಹಾಗೆ ಬಾಯಿ ತುಂಬ ನಗುವುದನ್ನು ನೋಡಿದ್ದು ಅದೇ ಮೊದಲು. ಇನ್ನು ಇವನು ಒಂದೂ ಜಿಂಕೆ ಬಿಡುವುದಿಲ್ಲ ಎಂದುಕೊಂಡಳು. ಸಂತೋಷವೇ ಆಯಿತು. ಆದರೆ ತನ್ನನ್ನು ನೋಡುತ್ತಾ ಜಿಂಕೆ ಬಿಡುತ್ತಾನೆ ಎಂದು ಹಿಂದೆ ಕಟ್ಟಿಕೊಂಡಿದ್ದ ಆಸೆಯನ್ನು ತಾನೇ ಕೈಯಾರೆ ಮುಗಿಸಿದ ಹಾಗೂ ಆಯಿತು. ನಾಳೆ ಒಂದು ದಿನ ಎಣಿಕೆ, ಆಮೇಲೆ ಅವನು ಗುಡ್ಡದಾಚೆ.

ಕೊನೆಯ ಭಾನುವಾರ ಅವರು ಅಟ್ಟಣಿಗೆ ಹತ್ತಿದ ಮೇಲೆ ಹಿಮ ಉದುರತೊಡಗಿತು. ಕಾಡಿನ ನೆಲ ಮೆಲ್ಲಗೆ ಬಿಳಿಯಾಯಿತು, ಸದ್ದೆಲ್ಲ ಅಡಗಿತು. ಅರ್ಧ ಗಂಟೆಯಲ್ಲಿ ಹಿಮ ನಿಂತು ಜಿಂಕೆಗಳು ಬಂದವು. ಅವನು ಮಾವ ರಾತ್ರಿಯೇ ಗಾಜು ಕತ್ತರಿಸಿ ಮಾಡಿಕೊಟ್ಟ ಹೊಸ ಕನ್ನಡಕದಲ್ಲಿ ಹಳ್ಳದಾಚೆಯದನ್ನೂ, ಅದರಾಚೆಯ ದಿಬ್ಬದ ಮೇಲಿನದನ್ನೂ ಕಂಡು, ಪ್ರತಿ ಸಲವೂ ಬೆರಗಿನಿಂದ ಅವಳ ಕಡೆ ನೋಡುತ್ತಿದ್ದ. ಮೊಲವೊಂದು ಎರಡು ಕಾಲ ಮೇಲೆ ನಿಂತಿತು. ಮರಿಯೊಂದು ತಾಯಿಯ ಹೊಟ್ಟೆಯ ಕೆಳಗೆ ನುಸುಳಿ ಈ ಕಡೆಯಿಂದ ಆ ಕಡೆ ಬಂತು. ಅವಳ ಕೈಯಲ್ಲಿ ಹತ್ತು ಬೆರಳು ಮುಗಿದು ಮತ್ತೆ ಮೂರು ಮಡಚಿದ್ದವು. ಹದಿಮೂರು.

ಆಗ ಅವನ ಉಸಿರಿಗೆ ಕನ್ನಡಕದ ಗಾಜು ಮಂಜಾಯಿತು. ಅಭ್ಯಾಸವಿಲ್ಲದವನು ಕೈಗವಸಿನ ಬೆರಳಿನಿಂದಲೇ ತಿಕ್ಕಹೊರಟ. ಗೀರು ಬೀಳುತ್ತೆ ಎಂದು ಕೂಗುವಂತಿಲ್ಲ. ಅವಳು ಅವನ ಕೈ ಹಿಡಿದು ತಡೆದಳು. ಕನ್ನಡಕವನ್ನು ತಾನೇ ತೆಗೆದು, ಜೇಬಿನ ಮೆತ್ತನೆ ಬಟ್ಟೆಯಲ್ಲಿ ಒಂದೊಂದೇ ಗಾಜು ಒರೆಸಿ, ಮತ್ತೆ ಅವನ ಮುಖಕ್ಕಿಟ್ಟು, ಕಾಲುಗಳನ್ನು ಕಿವಿಯ ಹಿಂದೆ ಕೂರಿಸಿದಳು. ದಿನಕ್ಕೆ ಇಪ್ಪತ್ತು ಮುಖಗಳಿಗೆ ಮಾಡುವ ಕೆಲಸ. ಇವತ್ತು ಎರಡೆರಡು ಸಲ ಸರಿಮಾಡಿದಳು.

ಅವನು ಕಾಡಿನ ಕಡೆ ತಿರುಗಲಿಲ್ಲ. ಒರೆಸಿದ ಗಾಜಿನೊಳಗಿಂದ ಅವಳನ್ನೇ ನೋಡಿದ. ಅವಳ ಹುಬ್ಬು, ಚಳಿಗೆ ಕೆಂಪಾದ ಮೂಗು, ಕಿವಿಯ ಹತ್ತಿರ ಕೂತ ಒಂದು ಹಿಮದ ಹನಿ, ಒಂದೊಂದನ್ನೂ ಎಣಿಸುವ ಹಾಗೆ ನೋಡಿದ. ಅವಳು ಕಣ್ಣು ತಗ್ಗಿಸಿದಳು, ಮತ್ತೆ ಎತ್ತಿದಳು. ಅವನು ಇನ್ನೂ ಅಲ್ಲೇ ಇದ್ದ. ಎಷ್ಟು ಹೊತ್ತು ಎಂದು ಆಮೇಲೆ ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದರು.

ಹೊತ್ತಾಯಿತೆಂದು ಹಾಳೆ ಮಡಚಿ ಕೆಳಗಿಳಿದರೆ ಮೇಡಂ ಅವತ್ತು ತಾವೇ ನಡೆದು ಬರುತ್ತಿದ್ದರು. ಎರಡೂ ಹಾಳೆ ಇಸಿದುಕೊಂಡು ಬಿಚ್ಚಿದರು. 

"ಹದಿಮೂರು. ಹದಿಮೂರು" ಎಂದರು ಮೇಡಂ. "ಶಭಾಷ್! ಮೇಜಿಗೆ ಬೇರೆ ಯಾರನ್ನಾದರೂ ಹುಡುಕ್ತೀನಿ ಬಿಡಪ್ಪ."

ಅವಳು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮೇಡಂ ನೆಲ ನೋಡಿದರು. ಹೊಸ ಹಿಮದ ಮೇಲೆ, ಪೊದೆಯಿಂದ ಹೊರಟ ಪುಟ್ಟ ಗೊರಸಿನ ಗುರುತುಗಳು ನೇರ ಏಣಿಯ ಬುಡಕ್ಕೆ ಬಂದಿದ್ದವು. ಏಣಿಯ ಪಕ್ಕ ನಾಲ್ಕು ಕಾಲೂರಿ ಸ್ವಲ್ಪ ಹೊತ್ತು ನಿಂತ ಗುರುತಿತ್ತು. ಆಮೇಲೆ ಅಟ್ಟಣಿಗೆಯ ಅಡಿಯಲ್ಲೇ ಹಾದು ಹಳ್ಳದ ಕಡೆ ಹೋಗಿದ್ದವು.

"ಇದು ಯಾರ ಲೆಕ್ಕದಲ್ಲಿದೆ?" ಎಂದು ಮೇಡಂ ಕೇಳಿದರು.

ಇಬ್ಬರೂ ಬಗ್ಗಿ ಗುರುತು ನೋಡಿದರು.

"ಹಳ್ಳದಾಚೆದು ಕಂಡಿದೆ. ದಿಬ್ಬದ ಮೇಲಿಂದೂ ಕಂಡಿದೆ. ಕಾಲ ಬುಡದಲ್ಲಿ ಬಂದು ನಿಂತದ್ದು ನಾಲ್ಕು ಕಣ್ಣಿಗೂ ಕಾಣಲಿಲ್ಲ. ಅಲ್ಲ, ಆರು ಕಣ್ಣು ಅನ್ನಬೇಕು ಈಗ." ಮೇಡಂ ಹಾಳೆಗಳನ್ನು ವಾಪಸು ಕೊಟ್ಟರು. "ತಪ್ಪಿದ್ದಕ್ಕೆ ಕಾರಣ ಬರೆಯೋ ಜಾಗ ಇದೆಯಲ್ಲ, ಕೆಳಗೆ. ಬರೀರಿ. ಒಬ್ಬರದು ಒಬ್ಬರು ನೋಡಬಾರದು."

ಅವಳು ಏಣಿಗೆ ಹಾಳೆ ಒತ್ತಿಕೊಂಡು ಯೋಚಿಸಿದಳು. ಸುಳ್ಳು ಬರೆದು ಒಮ್ಮೆ ಸಾಕಾಗಿತ್ತು. ಪಕ್ಕದ ಎಣಿಕೆದಾರರನ್ನು ನೋಡುತ್ತಿದ್ದೆ ಎಂದು ಬರೆದಳು. ಅವನು ಆ ಬದಿಗೆ ತಿರುಗಿ ಬರೆದ. ಮೇಡಂ ಎರಡನ್ನೂ ಓದಿದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಇದೂ ತಾಳೆಯಾಗಿದೆ" ಎಂದು ಹಾಳೆಗಳನ್ನು ಕೋಟಿನ ಜೇಬಿಗಿಟ್ಟುಕೊಂಡು, ಬಂದ ದಾರಿಯಲ್ಲೇ ಹೊರಟರು. ನಾಲ್ಕು ಹೆಜ್ಜೆ ಹೋಗಿ, "ಗುಡ್ಡದಾಚೆ ಎಣಿಕೆಗೂ ಊರಿನವರೊಬ್ಬರು ಬೇಕು. ಭಾನುವಾರ ಬೆಳಗ್ಗೆ ಐದಕ್ಕೆ ಬಸ್ಸಿದೆ" ಎಂದು ಯಾರಿಗೂ ಅಲ್ಲ ಎಂಬಂತೆ ಹೇಳಿದರು.

ಅವನು ಏಣಿ ಹಿಡಿದುಕೊಂಡು ನಿಂತಿದ್ದ. "ಈಗ ಮಾತಾಡಬಹುದು" ಎಂದ.

ಅವಳು ಅವನನ್ನು ದಿಟ್ಟಿಸಿದಳು. "ನಿಜ ಹೇಳಿ. ಬಂಡೆ ಹಿಂದೆ ನರಿ ನಡೆದರೆ ಕೇಳಿಸುತ್ತೆ ನಿಮಗೆ. ಈ ಜಿಂಕೆ ಕೆಳಗೇ ಬಂದು ನಿಂತದ್ದು ಕೇಳಿಸಲಿಲ್ವಾ?"

"ಕೇಳಿಸ್ತು."

"ಮತ್ತೆ ಯಾಕೆ ಬಗ್ಗಿ ನೋಡಲಿಲ್ಲ?"

"ನೀವು ಎದುರಿಗಿದ್ರಿ. ಬೇರೆ ಏನೂ ನೋಡೋಕೆ ಮನಸ್ಸು ಬರಲಿಲ್ಲ."

ಕೇಳುವುದಕ್ಕೆ ಅವಳ ಹತ್ತಿರ ಇನ್ನೂ ನೂರು ಪ್ರಶ್ನೆಯಿತ್ತು. ಒಂದನ್ನೂ ಕೇಳಲಿಲ್ಲ. ತನ್ನ ಕೈಗವಸು ತೆಗೆದು ಜೇಬಿಗೆ ಹಾಕಿಕೊಂಡಳು, ಅವನದನ್ನೂ ಎಳೆದು ತೆಗೆದಳು. ಅವನ ತಣ್ಣಗಿನ ಕೈ ಹಿಡಿದು, ಒಂದು ಬೆರಳನ್ನು ಮೆಲ್ಲಗೆ ಮಡಚಿದಳು.

"ಹದಿನಾಲ್ಕು" ಎಂದ ಅವನು.

ಆ ಎರಡು ಮೈಲಿ ದಾರಿ ನಡೆಯುವುದಕ್ಕೆ ಅವರಿಗೆ ಮಧ್ಯಾಹ್ನವಾಯಿತು.